ಚದುರಂಗದ ಅಂತ್ಯಭಾಗ: ರಾಜನೇ ಹಾದಿಗಿಳಿದ ಒಂದು ಆಟ

ಕಾರ್ಯವೊಂದನ್ನು ಆರಂಭಿಸುವುದಕ್ಕೆ ಉತ್ಸಾಹ ಸಾಕು. ನಡುವೆ ಅದನ್ನು ಎಳೆದುಕೊಂಡು ಹೋಗುವುದಕ್ಕೆ ಬಲ ಬೇಕು. ಅದನ್ನು ಸರಿಯಾಗಿ ಮುಗಿಸುವುದಕ್ಕೆ ಮಾತ್ರ ವಿವೇಕವೇ ಬೇಕು. ಬೇಸಾಯ, ವ್ಯಾಪಾರ, ವಿದ್ಯೆ, ಸಂಸಾರ ಇವೆಲ್ಲಕ್ಕೂ ಅನ್ವಯಿಸುವ ಈ ಮಾತು ಅರವತ್ತನಾಲ್ಕು ಮನೆಗಳ ಚದುರಂಗದ ಮಣೆಯ ಮೇಲೆ ಕಣ್ಣಿಗೆ ಕಾಣುವಂತೆ ಸಿದ್ಧವಾಗುತ್ತದೆ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ಹದಿನೆಂಟು ವರ್ಷದ ಭಾರತೀಯ ತರುಣ ಡಿ. ಗುಕೇಶ್ ಅವರು ಚೀನದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ಅಂದು ಜಗಜ್ಜೇತರಾದರು. ಹದಿಮೂರು ಆಟಗಳು ಮುಗಿದಾಗ ಇಬ್ಬರಿಗೂ ಆರೂವರೆ ಅಂಕಗಳಿದ್ದವು. ಹದಿನಾಲ್ಕನೆಯ ಆಟವೂ ಸಮವಾಗಿಯೇ ಮುಗಿಯುವಂತೆ ತೋರುತ್ತಿತ್ತು. ಮಣೆಯ ಮೇಲೆ ಉಳಿದದ್ದು ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ, ಕೆಲವೇ ಕಾಲಾಳುಗಳು. ಗುಕೇಶ್ ಅವರ ಕಡೆ ಒಂದು ಕಾಲಾಳು ಹೆಚ್ಚು. ಐವತ್ತೈದನೆಯ ನಡೆಯಲ್ಲಿ ಡಿಂಗ್ ಅವರು ಆನೆಗಳ ವಿನಿಮಯಕ್ಕೆ ಕೈಹಾಕಿದರು. ಅದರ ಬೆನ್ನಲ್ಲೇ ಒಂಟೆಗಳೂ ವಿನಿಮಯವಾಗಲೇಬೇಕಾಯಿತು. ಆಗ ಉಳಿದ ಬರಿಯ ರಾಜ ಮತ್ತು ಕಾಲಾಳುಗಳ ಹೋರಾಟದಲ್ಲಿ ಆ ಒಂದು ಹೆಚ್ಚಿನ ಕಾಲಾಳೇ ನಿರ್ಣಾಯಕವಾಯಿತು. ಐವತ್ತೆಂಟನೆಯ ನಡೆಗೆ ಜಗಜ್ಜೇತನ ಪಟ್ಟ ಕೈ ಬದಲಾಯಿಸಿತು. ಮೂರು ವಾರಗಳ ಶ್ರಮದ ಫಲವನ್ನು ಅಂತ್ಯಭಾಗದ ಒಂದೇ ನಡೆ ನಿರ್ಧರಿಸಿತು.

ಅಂದಿನಿಂದ ನಮ್ಮ ಮನೆಮನೆಗಳಲ್ಲಿ ಮಕ್ಕಳು ಮಣೆ ಹರಡಿಕೊಂಡು ಕೂಡುತ್ತಿರುವುದು ಸಂತೋಷದ ಸಂಗತಿ. ಆದರೆ ಬಹುಮಂದಿ ಮಕ್ಕಳು ಕಲಿಯುವುದು ಆರಂಭದ ಹತ್ತು ಹನ್ನೆರಡು ನಡೆಗಳನ್ನು ಮಾತ್ರ. ಕೊನೆಯನ್ನು ಕಲಿಸುವವರು ಕಡಿಮೆ, ಕಲಿಯುವ ತಾಳ್ಮೆ ಇನ್ನೂ ಕಡಿಮೆ. ಆದುದರಿಂದ ಸಿಂಗಪುರದ ಆ ದಿನಕ್ಕೆ ಸುಮಾರು ನೂರು ವರ್ಷಗಳ ಹಿಂದೆ, 1924ರಲ್ಲಿ, ನ್ಯೂಯಾರ್ಕ್ ನಗರದಲ್ಲಿ ನಡೆದ ಒಂದು ಆಟದ ಅಂತ್ಯಭಾಗವನ್ನು ಇಲ್ಲಿ ಸಾವಧಾನವಾಗಿ ವಿವೇಚಿಸಲು ಉದ್ದೇಶಿಸಿದೆ. ಚದುರಂಗ ಬಲ್ಲವರು ಈ ಅಂತ್ಯವನ್ನು ಇಂದಿಗೂ ಮೇಲ್ಪಂಕ್ತಿಯೆಂದು ಅಭ್ಯಾಸ ಮಾಡುತ್ತಾರೆ.

ಕೆಲವು ಪರಿಭಾಷೆಗಳು

ಚತುರಂಗವೆಂದರೆ ನಾಲ್ಕು ಅಂಗಗಳ ಸೈನ್ಯ: ಆನೆ, ಕುದುರೆ, ರಥ, ಕಾಲಾಳು. ಈ ಆಟ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಸಮಸ್ಯೆಗಳನ್ನೂ ಕುದುರೆಯು ಅರವತ್ತನಾಲ್ಕು ಮನೆಗಳನ್ನು ಸುತ್ತಿ ಬರುವ ಬಂಧಗಳನ್ನೂ ರಚಿಸಿದವರು. ಮಣೆಯ ಮೂಲೆಯಲ್ಲಿ ನಿಂತು ನೇರವಾಗಿ ನಡೆಯುವ ಕಾಯಿಯನ್ನು ನಾವು ಆನೆ ಎನ್ನುತ್ತೇವೆ. ಓರೆಯಾಗಿ ನಡೆಯುವುದನ್ನು ಒಂಟೆ ಎನ್ನುತ್ತೇವೆ. ಕಾಲಾಳನ್ನು ಉತ್ತರ ಕರ್ನಾಟಕದ ಹಿರಿಯರು ಪ್ಯಾದೆ ಎಂದು ಕರೆಯುವುದುಂಟು. ರಾಜನ ಮೇಲೆ ಬೀಳುವ ಏಟು ‘ಶಹ’. ಅದನ್ನು ಇಂದಿನ ಮಕ್ಕಳು ‘ಚೆಕ್’ ಎನ್ನುತ್ತಾರೆ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಶಹಕ್ಕೆ ‘ಮಾತ್’ ಎಂದು ಹೆಸರು.

ಮಂತ್ರಿಗಳು ಹೋಗಿ, ಬಹುಪಾಲು ಕಾಯಿಗಳೂ ಮಡಿದು, ಮಣೆ ಬಯಲಾದ ಹಂತವೇ ಅಂತ್ಯಭಾಗ. ಇಲ್ಲಿ ಎರಡು ಸಂಗತಿಗಳು ತಲೆಕೆಳಗಾಗುತ್ತವೆ. ಮೊದಲನೆಯದು, ಅಲ್ಲಿಯವರೆಗೆ ಮೂಲೆಯಲ್ಲಿ ಅಡಗಿ ಕಾವಲು ಬೇಡುತ್ತಿದ್ದ ರಾಜನು ಈಗ ತಾನೇ ಹೋರಾಡುವ ಕಾಯಿಯಾಗುತ್ತಾನೆ. ಎರಡನೆಯದು, ಅಲ್ಲಿಯವರೆಗೆ ಅಲ್ಪವೆನಿಸಿದ್ದ ಕಾಲಾಳಿನ ಬೆಲೆ ಏರುತ್ತದೆ. ಏಕೆಂದರೆ ಎಂಟನೆಯ ಅಡ್ಡಸಾಲನ್ನು ಮುಟ್ಟಿದ ಕಾಲಾಳು ಮಂತ್ರಿಯಾಗಬಲ್ಲದು. ತನ್ನ ಎದುರಿನ ಸಾಲಿನಲ್ಲಿಯಾಗಲಿ ಅಕ್ಕಪಕ್ಕದ ಸಾಲುಗಳಲ್ಲಿಯಾಗಲಿ ತಡೆಯಲು ಎದುರಾಳಿಯ ಕಾಲಾಳು ಇಲ್ಲದಿದ್ದರೆ ಅಂತಹದನ್ನು ಹಾದಿ ತೆರೆದ ಕಾಲಾಳು ಎನ್ನಬಹುದು. ಈ ಹಾದಿ ತೆರೆದ ಕಾಲಾಳೇ ಅಂತ್ಯಭಾಗದ ಜೀವಾಳ.

ಸೋಲಿನ ಮರುದಿನ

1924ರ ಮಾರ್ಚ್ 16ರಿಂದ ಏಪ್ರಿಲ್ 18ರವರೆಗೆ ನ್ಯೂಯಾರ್ಕಿನ ಅಲಾಮಾಕ್ ಹೋಟೆಲಿನಲ್ಲಿ ಒಂದು ಮಹಾಸ್ಪರ್ಧೆ ನಡೆಯಿತು. ಹನ್ನೊಂದು ಮಂದಿ ಆಟಗಾರರು. ಪ್ರತಿಯೊಬ್ಬರೂ ಉಳಿದವರೊಡನೆ ಎರಡೆರಡು ಬಾರಿ, ಒಟ್ಟು ಇಪ್ಪತ್ತು ಆಟಗಳನ್ನು ಆಡಬೇಕಿತ್ತು. ಅವರಲ್ಲಿ ಎಲ್ಲರ ದೃಷ್ಟಿಯೂ ನೆಟ್ಟಿದ್ದುದು ಕ್ಯೂಬಾ ದೇಶದ ಹೊಸೆ ರಾವುಲ್ ಕಾಪಾಬ್ಲಾಂಕಾ ಅವರ ಮೇಲೆ. 1888ರಲ್ಲಿ ಹವಾನಾ ನಗರದಲ್ಲಿ ಜನಿಸಿದ ಅವರು 1921ರಲ್ಲಿ ಎಮ್ಯಾನ್ಯುಯೆಲ್ ಲಾಸ್ಕರ್ ಅವರನ್ನು ಸೋಲಿಸಿ ಜಗಜ್ಜೇತರಾಗಿದ್ದರು. 1916ರಿಂದ ಎಂಟು ವರ್ಷಗಳ ಕಾಲ ಅವರು ಸ್ಪರ್ಧೆಯಲ್ಲಿ ಒಂದು ಆಟವನ್ನೂ ಸೋತಿರಲಿಲ್ಲ. ಅವರು ಸೋಲುವವರೇ ಅಲ್ಲವೆಂಬ ಭಾವನೆ ಜನರಲ್ಲಿ ಬೇರೂರಿತ್ತು.

ಮಾರ್ಚ್ 22ರಂದು ಐದನೆಯ ಸುತ್ತಿನಲ್ಲಿ ಆ ಭಾವನೆ ಮುರಿಯಿತು. ಜೆಕೊಸ್ಲೊವಾಕಿಯದ ರಿಚರ್ಡ್ ರೇಟಿ ಅವರು ಕಾಪಾಬ್ಲಾಂಕಾ ಅವರನ್ನು ಸೋಲಿಸಿದರು. ಎಂಟು ವರ್ಷ ಕಾಪಾಡಿಕೊಂಡು ಬಂದ ಕೀರ್ತಿಗೆ ಒಂದೇ ದಿನದಲ್ಲಿ ಬಿರುಕು ಬಿಟ್ಟಿತು. ಅದೂ ಸ್ಪರ್ಧೆಯ ಆರಂಭದಲ್ಲಿಯೇ. ಇನ್ನೂ ಬಹಳ ಆಟಗಳು ಉಳಿದಿದ್ದವು.

ಮರುದಿನವೇ, ಮಾರ್ಚ್ 23ರಂದು, ಆರನೆಯ ಸುತ್ತು. ಎದುರಾಳಿ ಸಾವಿಯೆಲಿ ಟಾರ್ಟಕೋವರ್. 1887ರಲ್ಲಿ ರಷ್ಯಾದ ರೊಸ್ತೋವ್ ನಗರದಲ್ಲಿ ಜನಿಸಿದ ಇವರು ಚತುರರೆಂದು, ಮಾತಿನಲ್ಲಿಯೂ ಬರಹದಲ್ಲಿಯೂ ಹರಿತವಾದವರೆಂದು ಹೆಸರಾದವರು. ಸೋತ ಮನುಷ್ಯನ ಮುಂದೆ ಎರಡು ಪ್ರಲೋಭನೆಗಳು ನಿಂತಿರುತ್ತವೆ. ಒಂದು ಭಯ: ಇನ್ನೊಂದು ಸೋಲು ಬಾರದಿರಲೆಂದು ಇರುವುದನ್ನೆಲ್ಲ ಅವುಚಿಕೊಂಡು ಕೂಡುವುದು. ಇನ್ನೊಂದು ರೋಷ: ಹೋದುದನ್ನು ಇಂದೇ ಮರಳಿ ಪಡೆಯಬೇಕೆಂದು ಎದುರಿಗೆ ಕಂಡುದರ ಮೇಲೆ ಮುಗಿಬೀಳುವುದು. ಕಾಪಾಬ್ಲಾಂಕಾ ಅವರು ಅಂದು ಯಾವ ಹಾದಿ ಹಿಡಿದರೆಂಬುದನ್ನು ನಾವು ಊಹಿಸಬೇಕಿಲ್ಲ. ಮಣೆಯೇ ಸಾಕ್ಷಿ ನುಡಿಯುತ್ತದೆ.

ಮೂವತ್ತನಾಲ್ಕು ನಡೆಗಳ ಬಳಿಕ

ಕಾಪಾಬ್ಲಾಂಕಾ ಅವರದು ಬಿಳಿಯ ಪಕ್ಷ. ಇಪ್ಪತ್ತಾರನೆಯ ನಡೆಯ ಹೊತ್ತಿಗೆ ಮಂತ್ರಿಗಳೂ ಒಂದು ಜೊತೆ ಆನೆಗಳೂ ಮಣೆಯಿಂದ ಇಳಿದಿದ್ದವು. ಬಿಳಿಯ ಕಡೆ ಆನೆ ಮತ್ತು ಒಂಟೆ, ಕಪ್ಪಿನ ಕಡೆ ಆನೆ ಮತ್ತು ಕುದುರೆ ಉಳಿದವು. ಮೂವತ್ತನೆಯ ನಡೆಯಲ್ಲಿ ಬಿಳಿಯ ಆನೆ ಬಲತುದಿಯ ಬಯಲು ಸಾಲಿನಲ್ಲಿ ಸಾಗಿ ಏಳನೆಯ ಅಡ್ಡಸಾಲನ್ನು ಹಿಡಿಯಿತು. ಮೂವತ್ತನಾಲ್ಕನೆಯ ನಡೆಯಲ್ಲಿ ಕಾಪಾಬ್ಲಾಂಕಾ ಅವರು ಒಂಟೆಯನ್ನು ಕೊಟ್ಟು ಕುದುರೆಯನ್ನು ತೆಗೆದರು. ಆಗ ಉಳಿದದ್ದು ಆನೆಗಳ ಅಂತ್ಯಭಾಗ.

ಮನೆಯಲ್ಲಿ ಮಣೆ ಇರುವವರು ದಯವಿಟ್ಟು ಅದನ್ನು ಮುಂದೆ ಇರಿಸಿಕೊಳ್ಳಬೇಕು. ಬಿಳಿಯ ಆಟಗಾರನ ಎಡದಿಂದ ಬಲಕ್ಕೆ ಉದ್ದಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಸಂಖ್ಯೆ. ಕಾಯಿಗಳನ್ನು ಹೀಗೆ ಇಡಿ:

ಬಿಳಿ: ರಾಜ ಎಫ್3, ಆನೆ ಎಚ್7, ಕಾಲಾಳುಗಳು ಎ4, ಸಿ3, ಡಿ4, ಎಫ್4, ಜಿ5.

ಕಪ್ಪು: ರಾಜ ಎಫ್8; ಆನೆ ಸಿ6; ಕಾಲಾಳುಗಳು ಎ7, ಬಿ6, ಸಿ7, ಡಿ5, ಎಫ್5.

ಇಬ್ಬರಿಗೂ ಐದೈದು ಕಾಲಾಳುಗಳು, ಲೆಕ್ಕದಲ್ಲಿ ಸಮ. ಆದರೆ ಸ್ಥಿತಿಯಲ್ಲಿ ಸಮವಲ್ಲ. ಜಿ5ರಲ್ಲಿರುವ ಬಿಳಿಯ ಕಾಲಾಳು ಹಾದಿ ತೆರೆದ ಕಾಲಾಳು. ಅದರ ಮುಂದೆ ತಡೆಯುವ ಕಾಲಾಳು ಯಾವುದೂ ಇಲ್ಲ. ಬಿಳಿಯ ಆನೆ ಏಳನೆಯ ಸಾಲಿನಲ್ಲಿ ನಿಂತು ಕಪ್ಪು ರಾಜನನ್ನು ಕೊನೆಯ ಸಾಲಿನಲ್ಲಿಯೇ ಕೂಡಿಹಾಕಿದೆ. ಇತ್ತ ಕಪ್ಪಿನ ಆನೆಯೂ ಸುಮ್ಮನಿಲ್ಲ. ಸಿ3ರಲ್ಲಿರುವ ಬಿಳಿಯ ಕಾಲಾಳಿಗೆ ದಿಕ್ಕಿಲ್ಲ. ಅದನ್ನು ಕಬಳಿಸಿದೊಡನೆಯೇ ಮೂರನೆಯ ಸಾಲಿನುದ್ದಕ್ಕೂ ರಾಜನಿಗೆ ಶಹ ಬೀಳುತ್ತದೆ. ಆಮೇಲೆ ಎಫ್4, ಎ4, ಡಿ4ರ ಕಾಲಾಳುಗಳೂ ಒಂದೊಂದಾಗಿ ಬಲಿಯಾಗಬಹುದು. ಈಗ ನಡೆಯಬೇಕಾದದ್ದು ಬಿಳಿ.

ಪೂರ್ವಪಕ್ಷ

ಇಲ್ಲಿ ಯಾರಾದರೂ ಹೀಗೆ ಆಕ್ಷೇಪಿಸಬಹುದು: “ಕೈಯಲ್ಲಿರುವುದನ್ನು ಕಾಯುವುದೇ ಮೊದಲ ಧರ್ಮವಲ್ಲವೆ? ಶಹದೊಡನೆ ಕಾಲಾಳು ಹೋಗುತ್ತದೆಯೆಂದು ಕಣ್ಣಾರೆ ಕಂಡ ಮೇಲೆ ಅದನ್ನು ಉಳಿಸುವ ಪ್ರಯತ್ನ ಮಾಡಬೇಡವೆ? ನಿನ್ನೆಯಷ್ಟೇ ಸೋತವನು ಇಂದು ಕೈಯಲ್ಲಿದ್ದುದನ್ನೂ ಬಿಟ್ಟುಕೊಡುವುದು ಯಾವ ಜಾಣತನ?”

ಈ ಆಕ್ಷೇಪ ತಳ್ಳಿಹಾಕುವಂಥದಲ್ಲ. ಚದುರಂಗದಲ್ಲಿ ಒಂದು ಕಾಲಾಳು ಎಂದರೆ ಸಣ್ಣ ಮಾತಲ್ಲ. ಸಿಂಗಪುರದಲ್ಲಿ ಪಟ್ಟ ಕೈ ಬದಲಾಯಿಸಿದ್ದು ಒಂದೇ ಕಾಲಾಳಿನಿಂದ ಎಂಬುದನ್ನು ಮೇಲೆ ನೋಡಿದೆವು. ಆದರೆ ಉತ್ತರವೂ ಉಂಟು. ಸಿ3ರ ಕಾಲಾಳಿನ ಚಿಂತೆಯನ್ನೇ ಹಚ್ಚಿಕೊಂಡವನು ರಾಜನನ್ನು ಆ ಕಡೆಗೆ ಒಯ್ಯಬೇಕು; ಇಲ್ಲವೆ ಏಳನೆಯ ಸಾಲಿನಲ್ಲಿ ರಾಜಗಾಂಭೀರ್ಯದಿಂದ ನಿಂತಿರುವ ಆನೆಯನ್ನು ಕಾವಲುಗಾರನನ್ನಾಗಿ ಕೆಳಗೆ ಇಳಿಸಬೇಕು. ಎರಡರಲ್ಲಿಯೂ ಕಪ್ಪು ರಾಜನಿಗೆ ಬಿಡುಗಡೆ. ಆ ರಾಜ ಹೊರಬಂದು ಜಿ ಸಾಲಿನ ಕಾಲಾಳಿನ ಎದುರಿಗೆ ನಿಂತರೆ ಬಿಳಿಯ ಪಾಲಿನ ದೊಡ್ಡ ಆಸ್ತಿಯೇ ಕೆಲಸಕ್ಕೆ ಬಾರದಂತಾಗುತ್ತದೆ. ಅಂದರೆ ಸಣ್ಣದನ್ನು ಕಾಯಹೋಗಿ ದೊಡ್ಡದನ್ನು ಕಳೆದುಕೊಂಡಂತೆ.

ಹಾಗಾದರೆ ಪ್ರಶ್ನೆ “ಯಾವುದು ಹೋಗುತ್ತದೆ?” ಎಂಬುದಲ್ಲ, “ಯಾವುದು ಉಳಿಯಬೇಕು?” ಎಂಬುದು. ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡವನಿಗೆ ಮುಂದಿನ ನಡೆ ತಾನಾಗಿಯೇ ತೋರುತ್ತದೆ.

ರಾಜನ ನಾಲ್ಕು ಹೆಜ್ಜೆ

ಮೂವತ್ತೈದನೆಯ ನಡೆಯಲ್ಲಿ ಕಾಪಾಬ್ಲಾಂಕಾ ಅವರು ರಾಜನನ್ನು ಜಿ3ಕ್ಕೆ ಸರಿಸಿದರು. ಸಿ3ರ ಕಾಲಾಳನ್ನು ತಿರುಗಿಯೂ ನೋಡಲಿಲ್ಲ. ಟಾರ್ಟಕೋವರ್ ಅವರ ಆನೆ ಆ ಕಾಲಾಳನ್ನು ತೆಗೆದು ಶಹ ಕೊಟ್ಟಿತು. ರಾಜ ಎಚ್4ಕ್ಕೆ ಏರಿದ. ಕಪ್ಪಿನ ಆನೆ ಎಫ್3ಕ್ಕೆ ಬಂದು ಎಫ್4ರ ಕಾಲಾಳಿನ ಬೆನ್ನಿಗೆ ಬಿದ್ದಿತು. ಇಲ್ಲಿಯೂ ಆ ಕಾಲಾಳನ್ನು ಕಾಯುವ ಪ್ರಯತ್ನವಿಲ್ಲ. ಮೂವತ್ತೇಳನೆಯ ನಡೆಯಲ್ಲಿ ಹಾದಿ ತೆರೆದ ಕಾಲಾಳು ಜಿ5ರಿಂದ ಜಿ6ಕ್ಕೆ ಮುಂದುವರಿಯಿತು.

ಈ ಒಂದು ಹೆಜ್ಜೆಯಲ್ಲಿ ಎರಡು ಕೆಲಸಗಳಾದವು. ಕಾಲಾಳು ತನ್ನ ಗುರಿಗೆ ಹತ್ತಿರವಾಯಿತು. ಅದರೊಂದಿಗೆ ತಾನು ನಿಂತಿದ್ದ ಮನೆಯನ್ನು ರಾಜನಿಗೆ ತೆರವು ಮಾಡಿಕೊಟ್ಟಿತು. ಕಪ್ಪಿನ ಆನೆ ಎಫ್4ರ ಕಾಲಾಳನ್ನೂ ತೆಗೆದು ಮತ್ತೆ ಶಹ ಕೊಟ್ಟಿತು. ರಾಜ ಜಿ5ಕ್ಕೆ ಬಂದು ಆ ಆನೆಯ ಮೇಲೆಯೇ ಕೈ ಮಾಡಿದ. ಆನೆ ಇ4ಕ್ಕೆ ಸರಿಯಬೇಕಾಯಿತು.

ಈಗ ಲೆಕ್ಕ ಹಾಕೋಣ. ಬಿಳಿಗೆ ಮೂರು ಕಾಲಾಳುಗಳು, ಕಪ್ಪಿಗೆ ಐದು. ಲೆಕ್ಕದ ಪುಸ್ತಕ ನೋಡುವವನಿಗೆ ಬಿಳಿ ದಿವಾಳಿಯ ಅಂಚಿನಲ್ಲಿದೆ. ಆದರೆ ಮಣೆಯನ್ನು ನೋಡುವವನಿಗೆ ಬೇರೆಯೇ ಕಾಣುತ್ತದೆ. ಬಿಳಿಯ ರಾಜ, ಆನೆ, ಹಾದಿ ತೆರೆದ ಕಾಲಾಳು ಈ ಮೂರೂ ಒಂದೆಡೆ ಕೂಡಿ ಕಪ್ಪು ರಾಜನ ಸುತ್ತ ನೆರೆದಿವೆ. ಕಪ್ಪಿನ ಆನೆಯೋ ಕೊಳ್ಳೆ ಹೊಡೆಯುತ್ತ ತನ್ನ ರಾಜನಿಂದ ದೂರ ಹೋಗಿದೆ; ನಾಲ್ಕು ಕಾಲಾಳುಗಳು ಎಡಗಡೆಯ ಸಾಲುಗಳಲ್ಲಿ ಯಾವ ಉಪಯೋಗಕ್ಕೂ ಬಾರದೆ ನಿಂತಿವೆ. ಸಂಪತ್ತು ಇದೆ, ಆದರೆ ಆಪತ್ತಿಗೆ ಒದಗುವ ಸ್ಥಳದಲ್ಲಿ ಇಲ್ಲ.

ವೈರಿಯ ಕಾಲಾಳಿನ ನೆರಳು

ಮೂವತ್ತೊಂಬತ್ತನೆಯ ನಡೆಯೇ ಈ ಆಟದ ಕಳಸ. ಬಿಳಿಯ ರಾಜ ಜಿ5ರಲ್ಲಿದ್ದಾನೆ. ಪಕ್ಕದ ಎಫ್5ರಲ್ಲಿ ಕಪ್ಪು ಕಾಲಾಳು ರಕ್ಷಣೆಯಿಲ್ಲದೆ ನಿಂತಿದೆ. ಎರಡು ಕಾಲಾಳುಗಳನ್ನು ಕಳೆದುಕೊಂಡವನಿಗೆ ಅದನ್ನು ತೆಗೆಯಬೇಕೆಂಬ ಆಸೆ ಸಹಜ. ಕಾಪಾಬ್ಲಾಂಕಾ ಅವರು ಅದನ್ನು ಮುಟ್ಟಲಿಲ್ಲ. ರಾಜನನ್ನು ಎಫ್6ಕ್ಕೆ ನಡೆಸಿದರು.

ಏಕೆ? ಎಫ್5ರ ಕಾಲಾಳನ್ನು ತೆಗೆದಿದ್ದರೆ ಕಪ್ಪಿನ ಆನೆ ಡಿ4ರ ಕಾಲಾಳನ್ನೂ ಕಬಳಿಸುತ್ತಿತ್ತು. ಮೇಲಾಗಿ ಎಫ್ ಸಾಲು ಬಯಲಾಗಿ ಬಿಳಿಯ ರಾಜನಿಗೆ ಹಿಂದಿನಿಂದ ಶಹಗಳ ಕಾಟ ಆರಂಭವಾಗುತ್ತಿತ್ತು. ಈಗ ಆ ಕಾಲಾಳು ಅಲ್ಲಿಯೇ ನಿಂತಿರುವುದರಿಂದ ಕಪ್ಪಿನ ಆನೆ ಎಫ್ ಸಾಲಿಗೆ ಬಂದರೂ ಶಹ ಬೀಳುವುದಿಲ್ಲ. ತನ್ನದೇ ಕಾಲಾಳು ಅಡ್ಡವಾಗಿದೆ. ವೈರಿಯ ಆಳೇ ರಾಜನಿಗೆ ಕೊಡೆ ಹಿಡಿದು ನಿಂತಂತಾಯಿತು! ಇ6ರಲ್ಲಿ ಶಹ ಕೊಡೋಣವೆಂದರೆ ಬಿಳಿಯ ರಾಜನೇ ಆ ಆನೆಯನ್ನು ತೆಗೆದುಬಿಡುತ್ತಾನೆ.

ಇನ್ನು ಬೆದರಿಕೆಯನ್ನು ನೋಡಿ. ಬಿಳಿಯ ಆನೆ ಎಚ್8ಕ್ಕೆ ಹೋದರೆ ಮಾತ್. ಕಪ್ಪು ರಾಜನಿಗೆ ಮುಂದಿನ ಮೂರು ಮನೆಗಳನ್ನೂ ಬಿಳಿಯ ರಾಜ ಕಾಯ್ದಿದ್ದಾನೆ. ಕೊನೆಯ ಸಾಲನ್ನು ಆನೆ ಹಿಡಿಯುತ್ತದೆ. ಆದುದರಿಂದ ಕಪ್ಪಿನ ಆನೆ ಡಿ4ರ ಕಾಲಾಳನ್ನು ತೆಗೆಯುವಂತೆಯೇ ಇಲ್ಲ. ತೆಗೆದರೆ ಮರುನಡೆಯಲ್ಲಿಯೇ ಆಟ ಮುಗಿಯುತ್ತದೆ. ಮಂತ್ರಿಗಳಿಲ್ಲದ ಮಣೆಯಲ್ಲಿ ದಾಳಿ ಎಲ್ಲಿಯದು ಎಂದುಕೊಳ್ಳುವವರಿಗೆ ಇದು ಉತ್ತರ. ಒಂದು ಆನೆ, ಒಂದು ಕಾಲಾಳು, ಮುಂದೆ ನಡೆದ ರಾಜ; ದಾಳಿಗೆ ಇಷ್ಟು ಸಾಕು.

ಫಲ

ಟಾರ್ಟಕೋವರ್ ಅವರ ರಾಜ ಜಿ8ಕ್ಕೆ ಸರಿದ. ಬಿಳಿಯ ಆನೆ ಜಿ7ರಲ್ಲಿ ಶಹ ಕೊಟ್ಟಿತು. ರಾಜ ಎಚ್8ರ ಮೂಲೆ ಸೇರಿದ. ಆಗ ಆನೆ ಸಿ7ರ ಕಾಲಾಳನ್ನು ತೆಗೆಯಿತು. ಮುಂದೆ ಸಿ8ರಲ್ಲಿ ಮಾತ್ ಬೀಳುವ ಬೆದರಿಕೆ. ಅದನ್ನು ತಡೆಯಲು ಕಪ್ಪಿನ ಆನೆ ಇ8ಕ್ಕೆ ಓಡಿ ಬಂದು ಕಾವಲು ನಿಲ್ಲಬೇಕಾಯಿತು. ಕಪ್ಪಿನ ಆನೆ ಹೀಗೆ ಕಟ್ಟುಬಿದ್ದ ಮೇಲೆಯೇ, ನಲವತ್ತೆರಡನೆಯ ನಡೆಯಲ್ಲಿ, ಕಾಪಾಬ್ಲಾಂಕಾ ಅವರು ಎಫ್5ರ ಕಾಲಾಳನ್ನು ತೆಗೆದರು. ಮೂರು ನಡೆಗಳ ಹಿಂದೆ ಅಪಾಯವಾಗಿದ್ದ ಲಾಭವೇ ಈಗ ನಿರಪಾಯವಾಗಿ ಕೈಸೇರಿತು.

ಉಳಿದುದನ್ನು ಸಂಕ್ಷೇಪವಾಗಿ ಹೇಳಬಹುದು. ನಲವತ್ತೈದನೆಯ ನಡೆಯಲ್ಲಿ ಹಾದಿ ತೆರೆದ ಕಾಲಾಳು ಜಿ7ನ್ನು ಮುಟ್ಟಿ ಶಹ ಕೊಟ್ಟಿತು. ಏಳನೆಯ ಸಾಲಿನಲ್ಲಿರುವ ಆನೆ ಅದನ್ನು ಕಾಯುತ್ತಿತ್ತು. ಕಪ್ಪು ರಾಜ ಅದರ ಮುಂದೆ ಜಿ8ರಲ್ಲಿ ಸೆರೆಯಾಳಾಗಿ ನಿಂತ. ಬಳಿಕ ಎ7, ಡಿ5ರ ಕಾಲಾಳುಗಳು ಬಿಳಿಯ ಪಾಲಾದವು. ಡಿ5ರ ತಡೆ ಹೋದೊಡನೆಯೇ ಡಿ4ರ ಕಾಲಾಳಿಗೂ ಹಾದಿ ತೆರೆಯಿತು. ಒಂದು ಕಾಲಾಳು ವೈರಿಯ ರಾಜನನ್ನು ಮೂಲೆಯಲ್ಲಿ ಹಿಡಿದಿರುವಾಗ ಇನ್ನೊಂದು ಕಾಲಾಳು ತನ್ನ ರಾಜನ ಜೊತೆಯಲ್ಲಿ ಮೇಲೇರಿತು. ಐವತ್ತೆರಡನೆಯ ನಡೆಯಲ್ಲಿ ಅದು ಡಿ6ನ್ನು ಮುಟ್ಟಿದಾಗ ಟಾರ್ಟಕೋವರ್ ಅವರು ಸೋಲನ್ನು ಒಪ್ಪಿಕೊಂಡರು.

ಈ ಸ್ಪರ್ಧೆಯಲ್ಲಿ ಕಾಪಾಬ್ಲಾಂಕಾ ಅವರಿಗೆ ಮೊದಲ ಸ್ಥಾನ ದೊರೆಯಲಿಲ್ಲವೆಂಬುದನ್ನೂ ಹೇಳಬೇಕು. ಐವತ್ತೈದು ವರ್ಷದ ಲಾಸ್ಕರ್ ಅವರು ಹದಿನಾರು ಅಂಕಗಳೊಡನೆ ಪ್ರಥಮರಾದರು. ಕಾಪಾಬ್ಲಾಂಕಾ ಅವರಿಗೆ ಹದಿನಾಲ್ಕೂವರೆ. ಆದರೆ ರೇಟಿ ಅವರಿಗೆ ಸೋತದ್ದೊಂದನ್ನು ಬಿಟ್ಟರೆ ಆ ಸ್ಪರ್ಧೆಯ ಇಪ್ಪತ್ತು ಆಟಗಳಲ್ಲಿ ಅವರು ಇನ್ನೊಂದನ್ನು ಸೋಲಲಿಲ್ಲ.

ಸೋತವರ ತಪ್ಪೇನು?

ಗೆದ್ದವರನ್ನು ಹೊಗಳುವುದು ಸುಲಭ; ಸೋತವರಿಂದ ಕಲಿಯುವುದು ಹೆಚ್ಚು ಪ್ರಯೋಜನಕರ. ಟಾರ್ಟಕೋವರ್ ಅವರು ಅಜಾಗರೂಕತೆಯಿಂದ ಒಂದು ಕಾಯಿಯನ್ನೂ ಬಿಟ್ಟುಕೊಡಲಿಲ್ಲ. ಅವರ ಆನೆ ಎರಡು ಬಾರಿ ಕಾಲಾಳನ್ನು ತೆಗೆಯಿತು. ಎರಡು ಬಾರಿಯೂ ಶಹದೊಡನೆ ತೆಗೆಯಿತು. ಒಂದೊಂದು ನಡೆಯನ್ನು ಬಿಡಿಯಾಗಿ ನೋಡಿದರೆ ಲಾಭವೇ. ಆದರೆ ಒಂದೊಂದು ಶಹವೂ ಬಿಳಿಯ ರಾಜನನ್ನು ಅವನು ಹೋಗಬೇಕೆಂದಿದ್ದ ಕಡೆಗೇ ಒಂದು ಹೆಜ್ಜೆ ತಳ್ಳಿತು. ಶಹ ಕೊಡುವ ಸಂತೋಷದಲ್ಲಿ ಎದುರಾಳಿಯ ಪ್ರಯಾಣಕ್ಕೆ ತಾವೇ ನೆರವಾದಂತಾಯಿತು. ಬಿಡಿಬಿಡಿಯಾಗಿ ಲಾಭವೆನಿಸಿದ ನಡೆಗಳು ಒಟ್ಟಾಗಿ ಸೋಲಾದವು. ಸಂಸಾರದ ಲೆಕ್ಕದಲ್ಲಿಯೂ ಇಂತಹ ಅನುಭವ ಯಾರಿಗೆ ಆಗಿಲ್ಲ?

ರೇಟಿ ಅವರ ಚಿಕ್ಕ ರಚನೆ

ಹಿಂದಿನ ದಿನ ಕಾಪಾಬ್ಲಾಂಕಾ ಅವರನ್ನು ಸೋಲಿಸಿದ ರೇಟಿ ಅವರು ಇದಕ್ಕೆ ಮೂರು ವರ್ಷ ಮೊದಲು, 1921ರಲ್ಲಿ, ರಾಜನ ನಡಿಗೆಯನ್ನೇ ಕುರಿತು ಒಂದು ಪುಟ್ಟ ಸಮಸ್ಯೆಯನ್ನು ರಚಿಸಿದ್ದರು. ನಾಲ್ಕೇ ಕಾಯಿಗಳ ಈ ರಚನೆಯನ್ನು ಮಕ್ಕಳಿಗೂ ತೋರಿಸಬಹುದು.

ಬಿಳಿ: ರಾಜ ಎಚ್8, ಕಾಲಾಳು ಸಿ6. ಕಪ್ಪು: ರಾಜ ಎ6, ಕಾಲಾಳು ಎಚ್5. ನಡೆ ಬಿಳಿಯದು; ಸೋಲದೆ ಉಳಿಯಬೇಕು.

ನೋಡಿದೊಡನೆ ಅಸಾಧ್ಯವೆನಿಸುತ್ತದೆ. ಕಪ್ಪು ಕಾಲಾಳು ಕೆಳಗೆ ಓಡುತ್ತಿದೆ. ಬಿಳಿಯ ರಾಜ ಎರಡು ಹೆಜ್ಜೆ ಹಿಂದೆ ಬಿದ್ದಿದ್ದಾನೆ. ಬಿಳಿಯ ಕಾಲಾಳನ್ನು ಕಪ್ಪು ರಾಜ ಬೇಕಾದಾಗ ಹಿಡಿಯಬಲ್ಲ. ಆದರೆ ಬಿಳಿಯ ರಾಜ ನೇರವಾಗಿ ಕೆಳಗಿಳಿಯದೆ ಓರೆಯಾಗಿ ಜಿ7, ಎಫ್6, ಇ5 ಎಂದು ನಡೆಯುತ್ತಾನೆ. ಓರೆಯಾದ ಒಂದೊಂದು ಹೆಜ್ಜೆಯೂ ಅವನನ್ನು ಎರಡು ಗುರಿಗಳಿಗೂ ಸಮೀಪಗೊಳಿಸುತ್ತದೆ. ರಾಜ ಇ5ಕ್ಕೆ ಬಂದಾಗ ಕಪ್ಪು ರಾಜ ಸಿ6ರ ಕಾಲಾಳನ್ನು ತೆಗೆದರೆ, ಬಿಳಿಯ ರಾಜ ಎಫ್4ಕ್ಕೆ ಇಳಿದು ಓಡುವ ಕಾಲಾಳನ್ನು ಹಿಡಿಯುತ್ತಾನೆ. ತೆಗೆಯದೆ ಕಪ್ಪು ಕಾಲಾಳನ್ನೇ ಓಡಿಸಿದರೆ, ಬಿಳಿಯ ರಾಜ ಡಿ6ಕ್ಕೆ ಹೋಗಿ ತನ್ನ ಕಾಲಾಳಿಗೆ ಬೆಂಬಲವಾಗುತ್ತಾನೆ. ಇಬ್ಬರಿಗೂ ಮಂತ್ರಿ ದೊರೆತು ಆಟ ಸಮವಾಗುತ್ತದೆ. ಒಂದೇ ಗುರಿಯನ್ನು ಬೆನ್ನಟ್ಟಿದ್ದರೆ ಎರಡೂ ತಪ್ಪುತ್ತಿದ್ದವು. ಎರಡನ್ನೂ ಮನಸ್ಸಿನಲ್ಲಿಟ್ಟು ನಡೆದುದರಿಂದ ಒಂದಾದರೂ ಸಿದ್ಧಿಸಿತು.

ಕಲಿಯುವವರಿಗೆ ನಾಲ್ಕು ಮಾತು

ಈ ವಿವೇಚನೆಯಿಂದ ಫಲಿಸುವ ಕೆಲವು ಸೂತ್ರಗಳನ್ನು ಇಲ್ಲಿ ಸಂಗ್ರಹಿಸಿದೆ.

ಒಂದನೆಯದು: ಮಂತ್ರಿಗಳು ಹೋದೊಡನೆ ರಾಜನನ್ನು ಮೂಲೆಯಿಂದ ಎಬ್ಬಿಸಬೇಕು. ಮಧ್ಯಭಾಗದಲ್ಲಿ ರಕ್ಷಣೆ ನೀಡಿದ ಮೂಲೆಯೇ ಅಂತ್ಯಭಾಗದಲ್ಲಿ ಸೆರೆಮನೆಯಾಗುತ್ತದೆ.

ಎರಡನೆಯದು: ಆನೆಗೆ ಕಾವಲುಗಾರನ ಕೆಲಸವನ್ನು ಆದಷ್ಟು ಕೊಡಬಾರದು. ವೈರಿಯ ರಾಜನನ್ನು ಕೊನೆಯ ಸಾಲಿನಲ್ಲಿ ತಡೆದಿಡುವ ಏಳನೆಯ ಅಡ್ಡಸಾಲು ಅದಕ್ಕೆ ಯೋಗ್ಯವಾದ ಸ್ಥಾನ. ಹಾದಿ ತೆರೆದ ಕಾಲಾಳಿನ ಹಿಂದೆ ಆನೆ ನಿಲ್ಲಬೇಕೆಂಬುದು ಸಾಮಾನ್ಯ ನಿಯಮ. ಆದರೆ ನ್ಯೂಯಾರ್ಕಿನ ಆಟದಲ್ಲಿ ಆನೆ ಪಕ್ಕದಿಂದಲೇ ಕಾಯ್ದು ಗೆದ್ದಿತು. ನಿಯಮವನ್ನು ತಿಳಿದಿರಬೇಕು, ಅದರ ಅಪವಾದವನ್ನೂ ಗುರುತಿಸಬೇಕು.

ಮೂರನೆಯದು: ಒಂಟಿಯಾಗಿ ಓಡುವ ಕಾಲಾಳನ್ನು ರಾಜ ಹಿಡಿಯಬಲ್ಲನೇ ಎಂದು ತಿಳಿಯಲು ಒಂದು ಸುಲಭ ಉಪಾಯವುಂಟು. ಕಾಲಾಳು ನಿಂತ ಮನೆಯಿಂದ ಅದು ಮಂತ್ರಿಯಾಗುವ ಮನೆಯವರೆಗಿನ ಉದ್ದವನ್ನೇ ಬದಿಯಾಗಿಸಿ ಮನಸ್ಸಿನಲ್ಲಿ ಒಂದು ಚೌಕವನ್ನು ಎಳೆಯಬೇಕು. ತನ್ನ ಸರದಿಯಲ್ಲಿ ರಾಜ ಆ ಚೌಕದೊಳಗೆ ಕಾಲಿಡಬಲ್ಲನಾದರೆ ಕಾಲಾಳು ಸಿಕ್ಕುತ್ತದೆ, ಇಲ್ಲವಾದರೆ ಇಲ್ಲ. ಕಾಲಾಳು ಇನ್ನೂ ತನ್ನ ಮೊದಲ ಮನೆಯಲ್ಲಿದ್ದರೆ, ಅದು ಎರಡು ಮನೆ ಸಾಗಬಲ್ಲದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ನಾಲ್ಕನೆಯದು: ಕಾಯಿಗಳನ್ನು ವಿನಿಮಯ ಮಾಡುವ ಮೊದಲು, ವಿನಿಮಯ ಮುಗಿದ ಮೇಲೆ ಮಣೆ ಹೇಗೆ ಕಾಣುತ್ತದೆಂಬುದನ್ನು ಕೊನೆಯವರೆಗೆ ನೋಡಬೇಕು. ಸಿಂಗಪುರದಲ್ಲಿ ಪಟ್ಟ ಹೋದದ್ದು ಈ ಒಂದು ಎಚ್ಚರ ತಪ್ಪಿದ್ದರಿಂದ.

ಮಕ್ಕಳಿಗೆ ಕಲಿಸುವಾಗ ಕೊನೆಯಿಂದ ಮೊದಲಿಗೆ ಬರುವುದು ಉತ್ತಮ. ಕಾಪಾಬ್ಲಾಂಕಾ ಅವರು 1921ರಲ್ಲಿ ಪ್ರಕಟಿಸಿದ ‘ಚೆಸ್ ಫಂಡಮೆಂಟಲ್ಸ್’ ಎಂಬ ಗ್ರಂಥವನ್ನು ಆರಂಭಿಸಿರುವುದೂ ಸರಳವಾದ ಮಾತ್‌ಗಳಿಂದಲೇ. ಕೆಲವೇ ಕಾಯಿಗಳಿರುವಾಗ ಒಂದೊಂದರ ಶಕ್ತಿ ಸ್ಪಷ್ಟವಾಗಿ ಗೋಚರಿಸುತ್ತದೆ. ಅದನ್ನು ಅರಿತ ಮಗು ಮೂವತ್ತೆರಡು ಕಾಯಿಗಳ ಗದ್ದಲದಲ್ಲಿಯೂ ದಿಕ್ಕು ತಪ್ಪುವುದಿಲ್ಲ.

ಆ ಮಾರ್ಚ್ 23ರಂದು ಕಾಪಾಬ್ಲಾಂಕಾ ಅವರು ಹೋದ ಕಾಲಾಳಿಗಾಗಿ ಹಿಂದಿರುಗಲಿಲ್ಲ. ಸಿಕ್ಕ ಕಾಲಾಳಿಗಾಗಿ ಅವಸರಿಸಲೂ ಇಲ್ಲ. ಭಯಕ್ಕೂ ರೋಷಕ್ಕೂ ಎಡೆಗೊಡದೆ, ಉಳಿಯಬೇಕಾದುದು ಯಾವುದೆಂಬುದನ್ನು ಮಾತ್ರ ಹಿಡಿದು ನಾಲ್ಕು ಹೆಜ್ಜೆ ನಡೆದರು. ವಯಸ್ಸು ಏರಿದಂತೆ ನಮ್ಮೆಲ್ಲರ ಮಣೆಯೂ ಬಯಲಾಗುತ್ತ ಹೋಗುತ್ತದೆ. ಬಲ ಕುಗ್ಗುತ್ತದೆ, ಜೊತೆಗಾರರು ಕಡಿಮೆಯಾಗುತ್ತಾರೆ. ಆಗ ಇರುವ ಕೆಲವನ್ನೇ ಒಂದೆಡೆ ಕೂಡಿಸಿ ಮುಂದೆ ನಡೆಯುವುದಕ್ಕೆ ಬೇಕಾದ ವಿವೇಕವನ್ನು ಈ ಪುರಾತನ ಆಟ ಆಡುತ್ತಾಡುತ್ತಲೇ ಕಲಿಸುತ್ತದೆ. ಇಂದು ಸಂಜೆ ಮೊಮ್ಮಕ್ಕಳೊಡನೆ ಮಣೆಯ ಮುಂದೆ ಕುಳಿತು, ಮೇಲೆ ಹೇಳಿದ ಹದಿನಾಲ್ಕು ಕಾಯಿಗಳನ್ನು ಇರಿಸಿ, ರಾಜನ ಆ ನಾಲ್ಕು ಹೆಜ್ಜೆಗಳನ್ನು ಒಮ್ಮೆ ನಡೆಸಿ ನೋಡಿ. ಸಿ3ರ ಕಾಲಾಳನ್ನು ಬಿಟ್ಟುಕೊಡುವಾಗ ನಿಮ್ಮ ಕೈ ಒಂದು ಕ್ಷಣ ಹಿಂಜರಿಯದಿರದು. ಆ ಹಿಂಜರಿಕೆಯನ್ನು ದಾಟಿದ ಮೇಲೆಯೇ ಪಾಠ ಆರಂಭವಾಗುತ್ತದೆ.